ದಂಡಿನ ನಡುವೆ ಒಂದು ಮನೆ

ನಮ್ಮ ಚಿರಂಜೀವಿಯು ಕೃಷ್ಣರಾಜಪುರದ ಆಚೆಗಿರುವ ಒಂದು ಬಹುಮಹಡಿ ವಸತಿಸಮುಚ್ಚಯದಲ್ಲಿ ಮನೆ ಕೊಂಡು ನಾಲ್ಕು ವರ್ಷಗಳಾದವು. ಅಂದಿನಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅವನದು ಒಂದೇ ಮಾತು: "ಅಪ್ಪಾಜಿ, ಆ ಹಲಸೂರಿನ ಗಲ್ಲಿಯಲ್ಲಿ ಇನ್ನೆಷ್ಟು ದಿನ ಇರುತ್ತೀರಿ? ಮಾರಿ ಇಲ್ಲಿಗೆ ಬಂದುಬಿಡಿ." ಈ ಸಲ ಅದು ಬರಿಯ ಮಾತಾಗಿ ಉಳಿಯಲಿಲ್ಲ. ಪ್ಲೈವುಡ್ ವ್ಯಾಪಾರದವರೊಬ್ಬರು ಎರಡು ಬಾರಿ ಬಂದು ನಮ್ಮ ಮನೆಯ ಅಳತೆ ತೆಗೆದುಕೊಂಡು ಹೋದರು. ಅವರು ಹೇಳಿದ ಬೆಲೆಯನ್ನು ಕೇಳಿ ನಮ್ಮ ಮನೆಯವರು ಒಂದು ಕ್ಷಣ ಸುಮ್ಮನಾದರು. ಆ ಹಣವನ್ನು ನಾವು ಅಧ್ಯಾಪಕ ವೃತ್ತಿಯಲ್ಲಿ ಮೂರು ಜನ್ಮ ದುಡಿದರೂ ಕೂಡಿಸಲಾಗುತ್ತಿರಲಿಲ್ಲ.

ನಮ್ಮ ವಾಚಕರ ಮನೆಗಳಲ್ಲಿಯೂ ಇಂತಹುದೇ ಸಂದಿಗ್ಧವಿರುವುದನ್ನು ನಾವು ಬಲ್ಲೆವು. ತುಮಕೂರು, ಹಾಸನ, ಚಿತ್ರದುರ್ಗದ ಕಡೆಗಳಿಂದ ಬಂದು ನಗರದ ನಡುವೆ ಸಂಸಾರ ಹೂಡಿದ ಹಿರಿಯರು ಒಂದು ಕಡೆ. ಹೊರವರ್ತುಲ ರಸ್ತೆಯ ಆಚೆಗೆ ಮನೆ ಮಾಡಿದ ಮಕ್ಕಳು ಮತ್ತೊಂದು ಕಡೆ. ಆದುದರಿಂದ ದಂಡಿನ ನಡುವೆ ನಾಲ್ಕು ದಶಕ ಬಾಳಿದ ನಮ್ಮ ಅನುಭವವನ್ನು ಇಲ್ಲಿ ಹೇಳಿಕೊಳ್ಳುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ದಂಡು ಎಂಬ ಮಾತನ್ನು ಇಂದಿನ ಮಕ್ಕಳು ರೈಲು ನಿಲ್ದಾಣದ ಫಲಕದ ಮೇಲೆ ಮಾತ್ರ ಓದುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟ ಆಂಗ್ಲರ ಸೈನ್ಯವು ಜ್ವರಬಾಧೆಯಿಂದ ಬಳಲಿತು. 1809ರಲ್ಲಿ ಅದು ಬೆಂಗಳೂರಿನ ಪೂರ್ವದ ಎತ್ತರದ ಬಯಲಿಗೆ ಬಂದು ನೆಲೆಸಿತು. ಸೈನ್ಯದ ಹಿಂದೆಯೇ ಮದರಾಸಿನ ಕಡೆಯಿಂದ ವರ್ತಕರು, ಗುತ್ತಿಗೆದಾರರು, ಗಾರೆಯವರು, ದರ್ಜಿಗಳು, ಅಡುಗೆಯವರು ಬಂದರು. ಹಲಸೂರಾದರೋ ಇವರೆಲ್ಲರಿಗಿಂತ ಹಿರಿದಾದ ಊರು. ಅಲ್ಲಿಯ ಸೋಮೇಶ್ವರ ದೇವಾಲಯಕ್ಕೆ ಚೋಳರ ಕಾಲದ ಬುಡವಿದೆ, ವಿಜಯನಗರ ಕಾಲದ ಮಂಟಪ ಗೋಪುರಗಳಿವೆ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳಾದವು. 1881ರಲ್ಲಿ ರಾಜ್ಯವು ಮೈಸೂರು ಅರಸರಿಗೆ ಮರಳಿದರೂ ದಂಡಿನ ಪ್ರದೇಶ ಆಂಗ್ಲರ ಕೈಯಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ, ಎರಡೂ ಕೂಡಿ ಒಂದೇ ನಗರಸಭೆಯಾದದ್ದು 1949ರಲ್ಲಿ. ಆ ಕೂಡುವಿಕೆ ಕಾಗದದ ಮೇಲೆ ಬೇಗನೆ ಆಯಿತು. ಮನಸ್ಸಿನಲ್ಲಿ ಆಗಲು ಬಹಳ ಕಾಲ ಹಿಡಿಯಿತು. 2025ರಲ್ಲಿ ಬೆಂಗಳೂರನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಿದ್ದರಿಂದ ಹಲಸೂರಿನ ನಾವು ಕೇಂದ್ರ ಪಾಲಿಕೆಗೆ ಸೇರಿದೆವು, ಕೃಷ್ಣರಾಜಪುರದ ಮಗ ಪೂರ್ವ ಪಾಲಿಕೆಗೆ ಸೇರಿದನು. ತಂದೆಗೊಂದು ಊರು, ಮಗನಿಗೊಂದು ಊರು ಎಂದು ನಾವು ವಿನೋದಕ್ಕೆ ಹೇಳುವುದುಂಟು.

ಮಠದಲ್ಲಿ ಓದಿ, ಅಲ್ಲಿಯ ಪ್ರಸಾದದಿಂದ ಬೆಳೆದ ನಾವು 1984ರಲ್ಲಿ ದಂಡಿನ ಒಂದು ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಬಂದಾಗ ನಮ್ಮ ಬಂಧುಗಳಿಗೆ ಅದು ರುಚಿಸಲಿಲ್ಲ. "ಅಲ್ಲಿ ನಮ್ಮವರು ಯಾರಿದ್ದಾರೆ? ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಮನೆ ನೋಡಬಾರದೆ?" ಎಂದು ಸೋದರಮಾವನವರು ಗದರಿದರು. ಅವರ ಆತಂಕದಲ್ಲಿ ಹುರುಳಿಲ್ಲದೆ ಇರಲಿಲ್ಲ. ಗಲ್ಲಿಯಲ್ಲಿ ತಮಿಳು, ತೆಲುಗು, ದಖನಿ ಉರ್ದು ಕೇಳಿಸುತ್ತಿದ್ದವೇ ಹೊರತು ಕನ್ನಡ ಅಪರೂಪವಾಗಿತ್ತು. ಮಾಂಸದ ಅಂಗಡಿಗಳ ಮುಂದೆ ಹಾಯ್ದು ಹೋಗಬೇಕಾಗಿದ್ದುದರಿಂದ ಹೊಸದಾಗಿ ಮದುವೆಯಾಗಿ ಬಂದ ನಮ್ಮ ಮನೆಯವರು ಮೊದಲ ವರ್ಷವೆಲ್ಲ ಸೆರಗನ್ನು ಮೂಗಿಗೆ ಹಿಡಿದೇ ನಡೆದರು. ಆದರೆ ಬಾಡಿಗೆ ಅಗ್ಗ, ಕಾಲೇಜು ಹತ್ತಿರ. ಮದರಾಸು ತಾರಸಿಯ ಹಳೆಯ ಮನೆ, ಮುಂದೊಂದು ಗಿಡ್ಡ ಜಗಲಿ, ಹಿಂದೆ ಒಂದು ಬಾವಿ. ಎಂಟು ವರ್ಷಗಳ ನಂತರ ಅದೇ ಮನೆಯನ್ನು ಸಾಲ ಮಾಡಿ ಕೊಂಡೆವು.

ಕೊಳ್ಳುವ ನಿರ್ಧಾರ ಮಾಡಿದ್ದು ಯಾವಾಗ ಎಂಬುದನ್ನು ಹೇಳಲೇಬೇಕು. 1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ವಿಷಯವಾಗಿ ಬೆಂಗಳೂರಿನಲ್ಲಿ ಗಲಭೆಗಳೆದ್ದು ತಮಿಳು ಮಾತನಾಡುವವರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಆಗ ಎದುರುಮನೆಯ ತಮಿಳು ಕುಟುಂಬದವರು, ಒಬ್ಬ ಮುದುಕಿ, ಮಗ, ಸೊಸೆ, ಎರಡು ಕೂಸುಗಳು, ಎರಡು ರಾತ್ರಿ ನಮ್ಮ ಮನೆಯಲ್ಲಿದ್ದರು. ನಾವು ಅವರಿಗೆ ಮಾಡಿದ ಉಪಕಾರವಾಗಿ ಇದನ್ನು ಬರೆಯುತ್ತಿಲ್ಲ. ಮೊದಲ ರಾತ್ರಿ ಬಾಗಿಲನ್ನು ಯಾರೋ ಬಡಿದಾಗ ಅವರಿಗಿಂತ ಹೆಚ್ಚಾಗಿ ನಾವೇ ನಡುಗಿದೆವು. ಬಂದವರು ಹಿಂದಿನ ಬೀದಿಯ ದರ್ಜಿ ಭಾಯಿಯವರು. ಕೂಸುಗಳಿಗೆ ಹಾಲು ತಂದಿದ್ದರು. ಬೆಳಗಾದ ಮೇಲೆ ನಮ್ಮ ಮನೆಯವರು, "ಇರುವುದಾದರೆ ಇಲ್ಲೇ ಇರೋಣ" ಎಂದರು. ಅವರು ಸೆರಗನ್ನು ಮೂಗಿಗೆ ಹಿಡಿಯುವುದನ್ನು ಬಿಟ್ಟು ಅಷ್ಟರಲ್ಲಿ ಬಹಳ ವರ್ಷಗಳಾಗಿದ್ದವು.

ಹಲಸೂರು ಕೆರೆಯ ಬಳಿಯ ತಿರುವಳ್ಳುವರ ಪ್ರತಿಮೆಯು ಅದೇ 1991ರಿಂದ ಮುಸುಕಿನಲ್ಲಿಯೇ ನಿಂತಿತ್ತು. ಬೆಳಗಿನ ತಿರುಗಾಟದಲ್ಲಿ ಅದನ್ನು ನೋಡಿ ನೋಡಿ ಮುಸುಕೇ ಅದರ ರೂಪವೆಂದು ನಮಗೆ ಅಭ್ಯಾಸವಾಗಿತ್ತು. 2009ರ ಆಗಸ್ಟಿನಲ್ಲಿ ಅದು ಅನಾವರಣಗೊಂಡಿತು. ಅದೇ ವಾರದಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಎದುರುಮನೆಯ ಮುದುಕಿ ಆ ವೇಳೆಗೆ ತೀರಿಕೊಂಡಿದ್ದರು.

ಇನ್ನು ಊರ ನಡುವೆ ಇರುವುದರ ಸುಖವನ್ನು ಹೇಳುವುದಾದರೆ, ಅದೆಲ್ಲವೂ ಕಾಲಿಗೆ ಸಂಬಂಧಿಸಿದ್ದು. ನಾವು ಇಂದಿನವರೆಗೆ ಯಾವ ವಾಹನವನ್ನೂ ಕೊಂಡವರಲ್ಲ. ತರಕಾರಿ ಹಲಸೂರಿನ ಬಜಾರು ಬೀದಿಯಲ್ಲಿ; ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಬೀಗದ ಕೈ ಮಾಡುವವನು, ಛತ್ರಿ ರಿಪೇರಿಯವನು, ಎಲ್ಲರೂ ಐದು ನಿಮಿಷದೊಳಗೆ. ಹಬ್ಬದ ಹೂವು ಹಣ್ಣುಗಳಿಗೆ ಶಿವಾಜಿನಗರದ ರಸಲ್ ಮಾರುಕಟ್ಟೆ. ಅದು 1927ರಲ್ಲಿ ಕಟ್ಟಿಸಿದ್ದು. 2012ರಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟಾಗ ನಮ್ಮ ಹಣ್ಣಿನವರು ಕೆಲವೇ ದಿನಗಳಲ್ಲಿ ಕಪ್ಪಾದ ಕಂಬದ ಬುಡದಲ್ಲಿ ಬುಟ್ಟಿಯಿಟ್ಟು ಕುಳಿತಿದ್ದರು. ನಮ್ಮನ್ನು ಕಂಡೊಡನೆ ಏನೂ ಆಗಿಲ್ಲವೆಂಬಂತೆ, "ಸಾರ್, ದಾಳಿಂಬೆ ಚೆನ್ನಾಗಿದೆ" ಎಂದರು. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಕಾವಿ ಬಣ್ಣದ ಬಟ್ಟೆಯುಟ್ಟ ಭಕ್ತಸಾಗರ ಶಿವಾಜಿನಗರದ ಚರ್ಚಿಗೆ ಹರಿದು ಬರುವುದನ್ನು, ಸೋಮೇಶ್ವರನ ರಥೋತ್ಸವದ ಕಾಲಕ್ಕೆ ಸುತ್ತಲಿನ ಗುಡಿಗಳ ಹೂವಿನ ಪಲ್ಲಕ್ಕಿಗಳು ಇರುಳೆಲ್ಲ ಸಾಗುವುದನ್ನು ನೋಡಲು ಯಾರನ್ನೂ ಕಾಡಬೇಕಾಗಿಲ್ಲ; ಬಾಗಿಲು ತೆರೆದರೆ ಸಾಕು.

2014ರ ಒಂದು ರಾತ್ರಿ ಎರಡು ಗಂಟೆಗೆ ನಮಗೆ ಎದೆನೋವು ಕಾಣಿಸಿಕೊಂಡಿತು. ನಮ್ಮ ಮನೆಯವರು ಬಾಗಿಲು ತೆರೆದು ಕೂಗಿದ್ದಷ್ಟೇ. ಎದುರುಮನೆಯ ಮಗ ಹೊತ್ತು ತಂದು ಕೂರಿಸಿದರು, ಗಲ್ಲಿಯ ತುದಿಯ ಆಟೋದವರು ಎದ್ದು ಬಂದರು. ಹತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು. ನಮ್ಮ ಎದುರಿಗೇ ಹಣ ಯಾರು ಕಟ್ಟಬೇಕೆಂದು ಅವರಿಬ್ಬರಲ್ಲಿ ಜಗಳವಾಯಿತು.

ಆದರೆ ಕಷ್ಟಗಳನ್ನು ಮರೆಮಾಚಿದರೆ ಮಗನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮಳೆ ಬಂದರೆ ಚರಂಡಿಯ ನೀರು ಹೊಸ್ತಿಲು ಮುಟ್ಟುತ್ತದೆ. ತಲೆಯ ಮೇಲಿನ ವಿದ್ಯುತ್ ತಂತಿಗಳ ಜಡೆಯನ್ನು ಕಂಡರೆ ಭಯವಾಗುತ್ತದೆ. ಕಾರು ನಿಲ್ಲಿಸಲು ಜಾಗವಿಲ್ಲದ್ದರಿಂದ ಬಂದ ಬೀಗರು ಅರ್ಧ ಗಂಟೆ ಸುತ್ತಿ, ಬೆವರಿ, ಕೊನೆಗೆ ಮುನಿದು ಒಳಗೆ ಬರುತ್ತಾರೆ. ಮೊಮ್ಮಗಳಿಗೆ ಆಡಲು ಬಯಲಿಲ್ಲ. ನಮ್ಮ ಮನೆಯವರ ಮೊಣಕಾಲಿಗೆ ಆ ಕಡಿದಾದ ಮೆಟ್ಟಿಲುಗಳು ದಿನವೂ ಶಿಕ್ಷೆ. ಮಗನ ಸಮುಚ್ಚಯದಲ್ಲಿ ಲಿಫ್ಟ್ ಇದೆ, ತೋಟವಿದೆ, ಕಾವಲುಗಾರರಿದ್ದಾರೆ. ಅಲ್ಲಿ ಒಂದು ತಿಂಗಳು ಇದ್ದು ಬಂದಾಗ ಅವರ ಕಾಲಿನ ಊತ ಇಳಿದಿತ್ತೆಂಬುದೂ ನಿಜ. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಫೋನಿನಲ್ಲಿ ಹೇಳಿ ಕಾಯಬೇಕೆಂಬುದು ನಮ್ಮ ದೂರು. ಅದು ದೂರೇ ಅಲ್ಲ ಎಂಬುದು ಸೊಸೆಯ ಉತ್ತರ.

ಇವೆಲ್ಲಕ್ಕಿಂತ ನಮ್ಮನ್ನು ಬಾಧಿಸುವುದು ಬೇರೆಯದು. ನಾವು ಬಂದಾಗ ಗಲ್ಲಿಯಲ್ಲಿ ಹತ್ತೊಂಬತ್ತು ಸಂಸಾರಗಳಿದ್ದವು. ಎಚ್.ಎ.ಎಲ್., ಐ.ಟಿ.ಐ., ಎನ್.ಜಿ.ಇ.ಎಫ್. ಕಾರ್ಖಾನೆಗಳ ನೌಕರರೇ ಅನೇಕರು. ಮುಂಜಾನೆ ಹಳೆಯ ಮದರಾಸು ರಸ್ತೆಯಲ್ಲಿ ಬುತ್ತಿ ಹಿಡಿದು ಬಸ್ಸಿಗೆ ನಿಲ್ಲುತ್ತಿದ್ದರು. 2002ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮುಚ್ಚಿದ ಮೇಲೆ ಮೂವರು ಮನೆ ಮಾರಿದರು. ಆನಂತರ ಒಬ್ಬೊಬ್ಬರಾಗಿ ಹೊರಟರು. ಕೊಂಡವರು ಯಾರೂ ಒಲೆ ಹಚ್ಚಲು ಕೊಳ್ಳಲಿಲ್ಲ. ಇಂದು ಅಲ್ಲಿರುವ ಸಂಸಾರಗಳು ಏಳು. ಉಳಿದವು ಪ್ಲೈವುಡ್, ಬಿಡಿಭಾಗ, ಬಣ್ಣದ ಡಬ್ಬಗಳ ಗೋದಾಮುಗಳು. ಹಗಲು ಕಾಲಿಡಲು ಜಾಗವಿಲ್ಲ. ರಾತ್ರಿ ಒಂಬತ್ತಕ್ಕೆ ಕಬ್ಬಿಣದ ಷಟರುಗಳು ಇಳಿದರೆ ನಾಯಿಗಳದೇ ರಾಜ್ಯ. 1970ರ ದಶಕದಲ್ಲಿ ಮನೆಗಳಿಗೆಂದೇ ರೂಪಿಸಿದ ಇಂದಿರಾನಗರದ ಗತಿಯೂ ಇದೇ. ಅಲ್ಲಿಯ ನೂರಡಿ ರಸ್ತೆಯಲ್ಲಿ ಇಂದು ಮನೆಯ ಬಾಗಿಲನ್ನು ಹುಡುಕಬೇಕು. ಅಲ್ಲಿ ಗೋದಾಮಿನ ಬದಲು ಪಾನಗೃಹಗಳು ಬಂದಿವೆ, ಅಷ್ಟೇ ವ್ಯತ್ಯಾಸ.

ಈ ಸಂದರ್ಭದಲ್ಲಿ ನಮಗೆ ದೂರದ ಒಂದು ಊರು ನೆನಪಾಗುತ್ತದೆ. ಮಗಳು ಅಳಿಯಂದಿರು ಅಮೆರಿಕದ ನಡುನಾಡಿನ ಸೇಂಟ್ ಲೂಯಿಸ್ ಎಂಬ ನಗರದಲ್ಲಿದ್ದಾಗ 2017ರಲ್ಲಿ ನಾವು ಮೂರು ತಿಂಗಳು ಅಲ್ಲಿದ್ದೆವು. ಮಿಸಿಸಿಪ್ಪಿ ನದಿಯ ದಡದಲ್ಲಿ 630 ಅಡಿ ಎತ್ತರದ ಉಕ್ಕಿನ ಕಮಾನೊಂದಿದೆ. ಅದರ ಪಕ್ಕದಲ್ಲಿಯೇ ಅವರು 'ಡೌನ್‌ಟೌನ್' ಎನ್ನುವ ನಡುಪೇಟೆ. 1950ರಲ್ಲಿ ಆ ನಗರದ ಜನಸಂಖ್ಯೆ ಎಂಟೂವರೆ ಲಕ್ಷ ದಾಟಿತ್ತು; 2020ರ ಗಣತಿಯಲ್ಲಿ ಅದು ಮೂರು ಲಕ್ಷಕ್ಕೆ ಇಳಿದಿತ್ತು. ಹೆದ್ದಾರಿಗಳಾದವು, ಹೊರವಲಯದಲ್ಲಿ ತೋಟದ ಮನೆಗಳಾದವು, ಜನ ಹೋದರು. ಸಂಜೆ ಆರರ ಮೇಲೆ ಅಷ್ಟು ಅಗಲವಾದ ಬೀದಿಗಳಲ್ಲಿ ನಾವಿಬ್ಬರೇ ನಡೆಯುತ್ತಿದ್ದೆವು. ಹಾದುಹೋದ ಪೊಲೀಸಿನವನೊಬ್ಬನು ದಾರಿ ತಪ್ಪಿದೆವೇನೋ ಎಂದು ಕಾರು ನಿಲ್ಲಿಸಿ ಕೇಳಿದನು. ಆದರೆ ಅಲ್ಲಿಯ ವಾಷಿಂಗ್‌ಟನ್ ಅವೆನ್ಯೂ ಎಂಬ ಬೀದಿಯನ್ನು ಅಳಿಯಂದಿರು ತೋರಿಸಿದರು. ಹಿಂದೆ ಪಾದರಕ್ಷೆ ಮತ್ತು ಬಟ್ಟೆಗಳ ದೊಡ್ಡ ಗೋದಾಮುಗಳಾಗಿದ್ದ ಕಟ್ಟಡಗಳನ್ನು ಈಗ ವಾಸದ ಮನೆಗಳಾಗಿ ಮಾರ್ಪಡಿಸಿದ್ದಾರೆ. ಮೂರನೆಯ ಅಂತಸ್ತಿನ ಕಿಟಕಿಯೊಂದರಲ್ಲಿ ಯಾರೋ ತಾಯಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಅವರು ಗೋದಾಮನ್ನು ಮನೆ ಮಾಡಲು ಹಣ ಸುರಿಯುತ್ತಿದ್ದಾರೆ. ನಾವು ಮನೆಯನ್ನು ಗೋದಾಮು ಮಾಡಲು ಹಣ ಪಡೆಯುತ್ತಿದ್ದೇವೆ ಎಂದು ನಮ್ಮ ಮನೆಯವರು ಅಲ್ಲಿಯೇ ಅಂದದ್ದು ನಮಗೆ ಮರೆತಿಲ್ಲ.

ಮಗನ ವಾದಕ್ಕೆ ಒಂದು ಬಲ ಇತ್ತು: ವಯಸ್ಸಾದ ತಂದೆತಾಯಿಗಳಿಂದ ದೂರವಿರುವ ಕಳವಳ. ಹಿಂದೆ ಹಳೆಯ ಮದರಾಸು ರಸ್ತೆಯಲ್ಲಿ ಅವನು ಸಂಜೆ ಬರಲು ಒಂದೂವರೆ ಗಂಟೆ ಬೇಕಾಗುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೊ ಕೂಡಿಕೊಂಡ ಮೇಲೆ ಹಲಸೂರಿನಿಂದ ಐದನೆಯ ನಿಲ್ದಾಣವೇ ಕೃಷ್ಣರಾಜಪುರ. ಸುಮಾರು ಕಾಲು ಗಂಟೆಯ ದಾರಿ. ಈಗ ಮೊಮ್ಮಗಳು ಶನಿವಾರ ನಮ್ಮಲ್ಲಿಗೆ ಬಂದು, ಜಗಲಿಯ ಮೇಲೆ ಕುಳಿತು ಎದುರುಮನೆಯವರಿಂದ ತಮಿಳಿನ ಒಗಟುಗಳನ್ನು ಕಲಿತು, ಭಾನುವಾರ ಹಿಂದಿರುಗುತ್ತಾಳೆ.

ಕಳೆದ ತಿಂಗಳು ನಾವಿಬ್ಬರೂ ಕುಳಿತು ಯೋಚಿಸಿದೆವು. ಮೆಟ್ಟಿಲು ಹತ್ತಲಾಗದ್ದರಿಂದ ಕೆಳಗಿನ ಎರಡು ಕೋಣೆಗಳನ್ನೇ ನಮ್ಮ ವಾಸಕ್ಕೆ ಇಟ್ಟುಕೊಂಡು, ಸ್ನಾನದ ಮನೆಗೆ ಹಿಡಿಕೆಗಳನ್ನು ಹಾಕಿಸಿದೆವು. ಮಹಡಿಯನ್ನು ಗೋದಾಮಿಗೆ ಕೊಟ್ಟರೆ ಬರುವ ಬಾಡಿಗೆಯ ಅರ್ಧಕ್ಕೆ ಒಂದು ಸಂಸಾರಕ್ಕೆ ಕೊಟ್ಟೆವು. ಗಂಡ ಹೆಂಡತಿ ರಾಯಚೂರಿನ ಕಡೆಯವರು. ಅವರು ಶಿವಾಜಿನಗರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಆಕೆ ನರ್ಸು. ಆರು ತಿಂಗಳ ಗಂಡು ಕೂಸು. ಪ್ಲೈವುಡ್ಡಿನವರಿಗೆ ಫೋನು ಮಾಡಿ ಸದ್ಯಕ್ಕೆ ಇಲ್ಲವೆಂದು ತಿಳಿಸಿದೆವು. "ಆಗಲಿ ಬುದ್ಧಿ, ಅವಸರವಿಲ್ಲ, ನಾನು ಕಾಯುತ್ತೇನೆ" ಎಂದರು ಅವರು, ಬಹಳ ಸೌಜನ್ಯದಿಂದ.

ನಿನ್ನೆ ರಾತ್ರಿ ಮೇಲೆ ಕೂಸು ಅತ್ತಿತು. ಬಹಳ ಹೊತ್ತು ಅತ್ತಿತು. ನಮ್ಮ ಮನೆಯವರು ಮೊಣಕಾಲನ್ನೂ ಮರೆತು ಮೆಟ್ಟಿಲು ಹತ್ತಿ ಹೋಗಿ, ಹೊಟ್ಟೆನೋವಿಗೆ ಓಮದ ನೀರು ಕುಡಿಸಿ ಬಂದರು. ಬೆಳಿಗ್ಗೆ ಕಾಲು ಊದಿತ್ತು.