ಮಿಣುಕಲು ತಡವರಿಸಿದ ಎಡದೀಪ

ತೀರ್ಥಹಳ್ಳಿಯ ಕಡೆಯ ನಮ್ಮ ಮಿತ್ರರೊಬ್ಬರು ಮಳೆಗಾಲದ ಒಂದು ಸಂಜೆ ತಮ್ಮ ಹಳೆಯ ಕಾರನ್ನು ಎಡಗಡೆಯ ಓಣಿಗೆ ತಿರುಗಿಸುತ್ತಿದ್ದಾಗ, ಹಿಂದಿನಿಂದ ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬನು ಕಾರಿಗೆ ತಾಗಿ ಬಿದ್ದನು. ಪುಣ್ಯಕ್ಕೆ ಮೊಣಕಾಲು ತರಚಿತೇ ಹೊರತು ಹೆಚ್ಚಿನ ಪೆಟ್ಟಾಗಲಿಲ್ಲ. "ನೀವು ದೀಪವನ್ನೇ ಹಾಕಲಿಲ್ಲವಲ್ಲ, ಸಾರ್" ಎಂದನು ಆ ಹುಡುಗ. ಮಿತ್ರರು ದೀಪವನ್ನು ಹಾಕಿದ್ದರು. ಇಬ್ಬರೂ ಹೇಳಿದುದು ನಿಜವೆಂಬುದು ಆಮೇಲೆ ನಮಗೆ ತಿಳಿಯಿತು.

ಎಡದ ದೀಪಗಳು ನಿಧಾನವಾಗಿ ಮಿಣುಕುತ್ತಿವೆ ಎಂದು ಅವರು ಮೊದಲೇ ಗಮನಿಸಿದ್ದರು. ರಿಪೇರಿಯವರು ಫ್ಲಾಷರನ್ನು ಬದಲಾಯಿಸಿದರು, ಗುಣ ಕಾಣಲಿಲ್ಲ. ಇನ್ನೊಂದನ್ನು ತಂದು ಹಾಕಿದರು, ಅದೂ ಹಾಗೆಯೇ. ದೋಷ ಎಲ್ಲಿದೆಯೆಂದು ತಿಳಿಯುವ ಮೊದಲೇ ಭಾಗಗಳನ್ನು ಬದಲಾಯಿಸುವ ಈ ಅಭ್ಯಾಸ ನಮ್ಮಲ್ಲಿ ಬಹಳ. ಫ್ಲಾಷರ್ ಎಂಬ ಆ ಪುಟ್ಟ ಡಬ್ಬಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಹಳೆಯ ಕಾರುಗಳ ಈ ಡಬ್ಬಿಯಲ್ಲಿ ಕೆಲಸ ಮಾಡುವುದು ಶಾಖ. ಇದರಲ್ಲಿ ಹಲವು ಬಗೆಗಳುಂಟು. ನಮ್ಮ ಮಿತ್ರರ ಕಾರಿನಲ್ಲಿದ್ದುದು ದ್ವಿಲೋಹ ಪಟ್ಟಿಯ ಬಗೆ. ಶಾಖ ತಗುಲಿದಾಗ ಬೇರೆ ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆಯಷ್ಟೆ. 10 ಸೆಂಟಿಮೀಟರ್ ಉದ್ದದ ಹಿತ್ತಾಳೆಯ ಪಟ್ಟಿಯನ್ನು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಉದ್ದವಾಗುತ್ತದೆ. 1896ರಲ್ಲಿ ಗೀಯೋಮ್ ಎಂಬ ವಿಜ್ಞಾನಿ ಕಂಡುಹಿಡಿದ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹವಾದರೋ ಅದರ ಹತ್ತರಲ್ಲೊಂದು ಪಾಲಿನಷ್ಟೂ ಹಿಗ್ಗದು. ಈ ಮಿಶ್ರಲೋಹಗಳ ಶೋಧನೆಗಾಗಿಯೇ ಆತನಿಗೆ 1920ರ ನೊಬೆಲ್ ಪಾರಿತೋಷಕ ದೊರೆಯಿತು. ಇಂತಹ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಬೆಸೆದು ಬಿಸಿ ಮಾಡಿದರೆ, ಹಿಗ್ಗುವ ಲೋಹ ಹೊರಬದಿಗೆ ಬರುವಂತೆ ಪಟ್ಟಿಯು ಬಾಗಲೇಬೇಕು.

ಚಾಲಕನು ಕೀಲನ್ನು ತಿರುಗಿಸಿದೊಡನೆ ಬ್ಯಾಟರಿಯ ವಿದ್ಯುತ್ತು ಈ ಪಟ್ಟಿಗೆ ಸುತ್ತಿದ ತಂತಿಯ ಮೂಲಕವೇ ಹಾದು ದೀಪಗಳಿಗೆ ಹೋಗುತ್ತದೆ. ದೀಪ ಹೊತ್ತುತ್ತದೆ, ತಂತಿ ಕಾಯುತ್ತದೆ, ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ದೀಪ ಆರುತ್ತದೆ. ಪಟ್ಟಿ ತಣಿದು ನೆಟ್ಟಗಾದೊಡನೆ ಮತ್ತೆ ಸಂಪರ್ಕ. ನಮಗೆ ಕೇಳಿಸುವ ಟಿಕ್ ಟಿಕ್ ಸದ್ದು ಇದೇ. ಅಂತರರಾಷ್ಟ್ರೀಯ ನಿಯಮದಂತೆ ದೀಪವು ನಿಮಿಷಕ್ಕೆ 60ಕ್ಕಿಂತ ಕಡಿಮೆಯಾಗದಂತೆ, 120ನ್ನು ಮೀರದಂತೆ ಮಿಣುಕಬೇಕು.

ಹಾಗಾದರೆ ಗಡಿಯಾರವೂ ದೀಪವೂ ಒಂದೇ ಪ್ರವಾಹವನ್ನು ಹಂಚಿಕೊಂಡಿವೆ ಎಂದಾಯಿತು. 12 ವೋಲ್ಟಿನಲ್ಲಿ 21 ವಾಟಿನ ಬಲ್ಬು 1.75 ಆಂಪಿಯರ್ ಎಳೆಯುತ್ತದೆ. ಒಂದು ಬದಿಯ ಎರಡು ಬಲ್ಬುಗಳು 3.5 ಆಂಪಿಯರ್. ಒಂದು ಬಲ್ಬು ಸುಟ್ಟುಹೋದರೆ ಪ್ರವಾಹ ಅರ್ಧವಾಗುತ್ತದೆ; ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಪಟ್ಟಿ ಬಾಗುವುದೇ ಇಲ್ಲ. ಉಳಿದ ದೀಪ ಮಿಣುಕದೆ ಉರಿಯುತ್ತಲೇ ಇರುತ್ತದೆ. ಹಳೆಯ ಕಾರಿಗೆ ಎಲ್.ಇ.ಡಿ. ಬಲ್ಬುಗಳನ್ನು ಹಾಕಿದವರು ದೀಪ ಮಿಣುಕದೆಂದು ದೂರುವುದೂ ಇದೇ ಕಾರಣಕ್ಕೆ: ಅವು ಎಳೆಯುವ ಪ್ರವಾಹ ತೀರ ಅಲ್ಪ. ಈಚಿನ ಎಲೆಕ್ಟ್ರಾನಿಕ್ ಫ್ಲಾಷರುಗಳ ಲಕ್ಷಣ ಬೇರೆ. ಬಲ್ಬು ಹೋದರೆ ಅವು ಬೇಕೆಂದೇ ಅವಸರದಿಂದ ಮಿಣುಕಿ ಚಾಲಕನನ್ನು ಎಚ್ಚರಿಸುತ್ತವೆ.

ಈಗ ನಮ್ಮ ಕಾರಿಗೆ ಬರೋಣ. ಗಡಿಯಾರ ಹಿಡಿದು ಎಣಿಸಿದೆವು. ಬಲಕ್ಕೆ ನಿಮಿಷಕ್ಕೆ 80, ಎಡಕ್ಕೆ 45. ಎರಡು ಬದಿಗೂ ಫ್ಲಾಷರ್ ಒಂದೇ, ಫ್ಯೂಸ್ ಒಂದೇ. ಬಲಬದಿ ಸರಿಯಾಗಿರುವಾಗ ಅವೆರಡೂ ನಿರ್ದೋಷಿಗಳು. ಹೊಸ ಫ್ಲಾಷರುಗಳಿಗೆ ಕೊಟ್ಟ ಹಣವನ್ನು ಈ ಒಂದು ತರ್ಕವೇ ಉಳಿಸಬಹುದಾಗಿತ್ತು. ದೋಷವು ಎಡಕ್ಕೆ ಕವಲೊಡೆದ ಮೇಲಿನ ದಾರಿಯಲ್ಲಿರಬೇಕು. ಅಲ್ಲಿ ಬಲ್ಬುಗಳೆರಡೂ ಹೊತ್ತುತ್ತಿದ್ದವು. ಹಿಂದಿನದು ಮಾತ್ರ ಮಂಕಾಗಿತ್ತು.

ಕತ್ತಲಾದ ಮೇಲೆ ಕಾರಿನ ಹಿಂದೆ ನಿಂತು ನೋಡಿದಾಗ ಒಂದು ವಿಚಿತ್ರ ಕಂಡಿತು. ಹಿಂದಿನ ಕೆಂಪು ದೀಪದ ಸ್ವಿಚ್ಚನ್ನು ಹಾಕಿರಲೇ ಇಲ್ಲ. ಆದರೂ ಎಡ ಇಂಡಿಕೇಟರ್ ಹೊತ್ತಿದಾಗಲೆಲ್ಲ ಪಕ್ಕದ ಕೆಂಪು ದೀಪವೂ ಕೆಂಡದಂತೆ ಮಸುಕಾಗಿ ಹೊಳೆಯುತ್ತಿತ್ತು. ಕಳ್ಳನು ಸಿಕ್ಕಿಬಿದ್ದುದು ಇಲ್ಲಿಯೇ.

ಕಾರಿನಲ್ಲಿ ವಿದ್ಯುತ್ತು ದೀಪಕ್ಕೆ ತಂತಿಯಲ್ಲಿ ಹೋಗುತ್ತದೆ, ಆದರೆ ಬ್ಯಾಟರಿಗೆ ಮರಳುವುದು ಸಾಮಾನ್ಯವಾಗಿ ಕಾರಿನ ಲೋಹದ ಮೈಯ ಮೂಲಕ. ಮೆಕ್ಯಾನಿಕರು ಇದನ್ನೇ ಅರ್ಥ್ ಎನ್ನುತ್ತಾರೆ. ಹಿಂದಿನ ಎರಡು ದೀಪಗಳೂ ಒಂದೇ ತಿರುಪಿನ ಮೂಲಕ ಮೈಗೆ ಸೇರಿದ್ದವು. ಆ ತಿರುಪು ತುಕ್ಕು ಹಿಡಿದರೆ ಮರಳುವ ದಾರಿ ಇಕ್ಕಟ್ಟಾಗುತ್ತದೆ. ಆಗ ಪ್ರವಾಹದ ಒಂದು ಭಾಗವು ನೆರೆಯ ಕೆಂಪು ದೀಪದ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯಲ್ಲೇ ಸಾಗಿ, ಬಲಬದಿಯ ಕೆಂಪು ದೀಪವೇ ಮುಂತಾದವುಗಳ ಮೂಲಕ ಮೈಯನ್ನು ಸೇರುತ್ತದೆ. ಕಟ್ಟೆ ಕಟ್ಟಿದ ಕಾಲುವೆಯ ನೀರು ಪಕ್ಕದ ಗದ್ದೆಗೆ ಹರಿದ ಹಾಗೆ.

ಅನುಮಾನವನ್ನು ಅಳೆದು ನೋಡಬೇಕಾಗಿತ್ತು. ವೋಲ್ಟ್‌ಮಾಪಕದ ಒಂದು ಕೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಹೋಲ್ಡರಿನ ಲೋಹಕ್ಕೂ ಮುಟ್ಟಿಸಿದೆವು. ದಾರಿ ಸರಿಯಿದ್ದರೆ ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲಬೇಕು. ದೀಪ ಹೊತ್ತಿದಾಗಲೆಲ್ಲ ಅದು 3.6 ವೋಲ್ಟಿನವರೆಗೆ ಹಾರಿತು. ಬಲ್ಬಿಗೆ ಉಳಿದುದು 8.4 ವೋಲ್ಟ್, ಎಂದರೆ ಹತ್ತರಲ್ಲಿ ಏಳು ಪಾಲು. ಆದರೆ ಬೆಳಕು ಏಳು ಪಾಲಿಗೆ ನಿಲ್ಲುವುದಿಲ್ಲ. ತಂತು ತಣ್ಣಗಾದಷ್ಟೂ ಅದರ ಶಕ್ತಿಯು ಬೆಳಕಾಗದೆ ಕಾಣದ ಶಾಖಕಿರಣಗಳಾಗಿ ಹೋಗುವುದರಿಂದ, ವೋಲ್ಟೇಜು ಇಷ್ಟು ಇಳಿದಾಗ ಬೆಳಕು ಸುಮಾರು ಮೂರರಲ್ಲೊಂದು ಪಾಲಿಗೆ ಕುಸಿಯುತ್ತದೆ. ಮಳೆಯ ಸಂಜೆಯಲ್ಲಿ, ಮಾಸಿದ ಗಾಜಿನ ಹಿಂದೆ, ಅಷ್ಟು ಬೆಳಕು ಆ ಹುಡುಗನ ಕಣ್ಣಿಗೆ ಬೀಳದೆ ಹೋದುದರಲ್ಲಿ ಸೋಜಿಗವೇನು? ಪ್ರವಾಹವೂ ಕಡಿಮೆಯಾದುದರಿಂದ ಪಟ್ಟಿ ಕಾಯಲು ಹೆಚ್ಚು ಹೊತ್ತು ಹಿಡಿಯಿತು, ಮಿಣುಕು ನಿಧಾನವಾಯಿತು.

ಡಿಕ್ಕಿಯೊಳಗಿನಿಂದ ದೀಪದ ಡಬ್ಬಿಯನ್ನು ಕಳಚಿದೆವು. ರಬ್ಬರಿನ ಅಂಚು ಒಡೆದು, ಹಲವು ಮಳೆಗಾಲಗಳ ನೀರು ಒಳಗಿಳಿದಿತ್ತು. ಕೆಂಪು ತುಕ್ಕಿನ ಜೊತೆಗೆ ಹೋಲ್ಡರಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ತುಕ್ಕು ಕಬ್ಬಿಣದಿಂದಲೇ ಹುಟ್ಟಿದರೂ ಕಬ್ಬಿಣದಂತೆ ವಿದ್ಯುತ್ತನ್ನು ಒಯ್ಯಲಾರದು. ಬ್ಯಾಟರಿಯ ಸಂಪರ್ಕವನ್ನು ತೆಗೆದಿಟ್ಟು, ತಿರುಪನ್ನೂ ಅದು ಕೂಡುವ ತಗಡನ್ನೂ ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದೆವು. ಬಿಗಿದ ಮೇಲೆ ಸ್ವಲ್ಪ ಗ್ರೀಸ್ ಸವರಿ, ರಬ್ಬರಿನ ಅಂಚನ್ನು ಹೊಸದು ಮಾಡಿದೆವು. ಖರ್ಚಾದುದು ಆ ರಬ್ಬರಿಗೆ ಮಾತ್ರ.

ಮತ್ತೆ ಅಳೆದಾಗ ಮುಳ್ಳು 0.1 ವೋಲ್ಟನ್ನು ದಾಟಲಿಲ್ಲ. ಕೆಂಪು ದೀಪ ತೆಪ್ಪಗಿತ್ತು. ಎಡಬದಿ ನಿಮಿಷಕ್ಕೆ 79 ಸಲ ಮಿಣುಕಿತು. ಒಂದು ನಮ್ಮ ಎಣಿಕೆಯ ತಪ್ಪೂ ಇದ್ದೀತು. ಹಿಂದೆ ಕಳಚಿಟ್ಟಿದ್ದ ಎರಡು ಫ್ಲಾಷರುಗಳನ್ನೂ ಒಂದೊಂದಾಗಿ ಜೋಡಿಸಿ ನೋಡಿದೆವು. ಎರಡೂ ಚೆನ್ನಾಗಿಯೇ ಕೆಲಸ ಮಾಡಿದವು.