ದ್ರಾವಣದಿಂದ ದೀಪ: ಸಾವಯವ ತೆಳುಪೊರೆಗಳ ಅಗ್ಗದ ತಯಾರಿಕೆ

ಮೊಬೈಲ್ ಫೋನು, ಟಿ.ವಿ.ಗಳ ಜಾಹೀರಾತಿನಲ್ಲಿ 'ಓಎಲ್‌ಇಡಿ' ಎಂಬ ಹೆಸರನ್ನು ನೀವು ಕಂಡಿರುತ್ತೀರಿ. ಸಾಮಾನ್ಯ ಎಲ್‌ಇಡಿಯಲ್ಲಿ ಗ್ಯಾಲಿಯಂ ನೈಟ್ರೈಡಿನಂತಹ ಹರಳು ಬೆಳಕು ಕೊಟ್ಟರೆ, ಇಲ್ಲಿ ಆ ಕೆಲಸ ಇಂಗಾಲದ ಸಂಯುಕ್ತಗಳದು. ಎರಡು ವಿದ್ಯುದಗ್ರಗಳ ನಡುವೆ ಇಂತಹ ಸಂಯುಕ್ತದ ಒಂದು ತೆಳುಪೊರೆ ಇರುತ್ತದೆ. ಒಂದು ಕಡೆಯಿಂದ ಎಲೆಕ್ಟ್ರಾನುಗಳೂ ಮತ್ತೊಂದು ಕಡೆಯಿಂದ ಧನಾವೇಶದ 'ರಂಧ್ರ'ಗಳೂ ಒಳಬಂದು ಪೊರೆಯೊಳಗೆ ಕೂಡಿದಾಗ ಬೆಳಕು ಹೊಮ್ಮುತ್ತದೆ.

ಈ ಪೊರೆಯ ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಏಳೆಂಟುನೂರರಲ್ಲಿ ಒಂದು ಪಾಲು. ಇಷ್ಟು ತೆಳುವಾಗಿರಬೇಕೇಕೆ? ಸಾವಯವ ವಸ್ತುಗಳಲ್ಲಿ ಆವೇಶಗಳು ಬಲು ನಿಧಾನವಾಗಿ ಚಲಿಸುತ್ತವೆ. ಅವನ್ನು ತಳ್ಳಲು ಪ್ರಬಲ ವಿದ್ಯುತ್ ಕ್ಷೇತ್ರ ಬೇಕು. ನೀವೇ ಲೆಕ್ಕ ಹಾಕಿ: 100 ನ್ಯಾನೊಮೀಟರಿನ ಅಡ್ಡಕ್ಕೆ 5 ವೋಲ್ಟ್ ಕೊಟ್ಟರೆ ಕ್ಷೇತ್ರ ಮೀಟರಿಗೆ 5 ಕೋಟಿ ವೋಲ್ಟ್! ಒಣಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿನಲ್ಲೇ ಕಿಡಿ ಹಾರಿಸುತ್ತದೆ. ಪೊರೆ ಒಂದು ಮಿಲಿಮೀಟರ್ ದಪ್ಪವಿದ್ದರೆ ಇದೇ ಕ್ಷೇತ್ರಕ್ಕೆ 50,000 ವೋಲ್ಟ್ ಬೇಕಾಗುತ್ತಿತ್ತು.

1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಟ್ಯಾಂಗ್ ಮತ್ತು ವ್ಯಾನ್‌ಸ್ಲೈಕ್ 10 ವೋಲ್ಟಿಗಿಂತ ಕಡಿಮೆಯಲ್ಲಿ ಬೆಳಗುವ ಎರಡು ಪದರಗಳ ಸಾಧನವನ್ನು ಪ್ರಕಟಿಸಿದರು. ಅವರ ಪೊರೆಗಳನ್ನು ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಲಾಗಿತ್ತು. ನಿರ್ವಾತ ಯಂತ್ರವೆಂದರೆ ದೊಡ್ಡ ಖರ್ಚಿನ ಬಾಬ್ತು. ಕೊಂಡ ಮೇಲೆ ಸಾಕುವುದು ಅದಕ್ಕಿಂತ ಕಷ್ಟ. (ಪಂಪಿನ ಒಂದು ರಬ್ಬರ್ ಉಂಗುರಕ್ಕಾಗಿ ತಿಂಗಳುಗಟ್ಟಲೆ ಕಾದ ಅನುಭವ ನನಗೂ ಇದೆ.) 1990ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಬರೋಸ್, ಬ್ರಾಡ್ಲಿ, ಫ್ರೆಂಡ್ ಮತ್ತು ಸಂಗಡಿಗರು ಪಿಪಿವಿ ಎಂಬ ಪಾಲಿಮರಿನಿಂದ ಬೆಳಕು ಪಡೆದಾಗ ಎಲ್ಲರ ಗಮನ ಸೆಳೆದದ್ದು ಬೆಳಕಷ್ಟೇ ಅಲ್ಲ, ಆ ಪೊರೆಯನ್ನು ದ್ರಾವಣದಿಂದಲೇ ಹರಡಿದ್ದರು.

ಹರಡುವ ವಿಧಾನ ಸರಳ. ಗಾಜಿನ ಮೇಲೆ ಕೆಲವು ಹನಿ ದ್ರಾವಣ ಹಾಕಿ ಗಾಜನ್ನು ನಿಮಿಷಕ್ಕೆ 2000 ಸುತ್ತಿನಂತೆ ತಿರುಗಿಸಬೇಕು. ದ್ರಾವಣದ ಬಹುಪಾಲು ಅಂಚಿನಿಂದ ಸಿಡಿದುಹೋಗುತ್ತದೆ. ಉಳಿದದ್ದು ತೆಳುವಾಗುತ್ತಾ ಹೋಗಿ, ದ್ರಾವಕ ಆರಿ, ಸಮನಾದ ಪೊರೆ ಉಳಿಯುತ್ತದೆ. ಇದಕ್ಕೆ 'ಸ್ಪಿನ್ ಕೋಟಿಂಗ್' ಎಂದು ಹೆಸರು. ಪೊರೆಯ ದಪ್ಪ ವೇಗದ ವರ್ಗಮೂಲಕ್ಕೆ ಸರಿಸುಮಾರು ವಿಲೋಮವಾಗಿರುತ್ತದೆ: ವೇಗ ನಾಲ್ಕು ಪಟ್ಟಾದರೆ ದಪ್ಪ ಅರ್ಧ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿನ ನಡುವೆ ಎರಡೂ ಬದಿ ಅಂಟುವ ಟೇಪಿನಿಂದ ಗಾಜನ್ನು ಕೂರಿಸಿದರೆ ಕಾಲೇಜಿನ ಮಟ್ಟಿಗೆ ಯಂತ್ರ ಸಿದ್ಧ. ಮೇಲೊಂದು ಮುಚ್ಚಳ ಮಾತ್ರ ಇರಲಿ. ಸಡಿಲವಾದ ಗಾಜು ಬಾಣದಂತೆ ಹಾರುತ್ತದೆ. ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಒಂದು ಮೈಕ್ರೊಮೀಟರಿನ ಕಣ ಪೊರೆಗಿಂತ ಹತ್ತು ಪಟ್ಟು ದಪ್ಪ. ಅದಿರುವ ಕಡೆ ಎರಡು ವಿದ್ಯುದಗ್ರಗಳು ಒಂದನ್ನೊಂದು ಮುಟ್ಟಿ ಸಾಧನ ಕೆಡುತ್ತದೆ.

ಇಷ್ಟು ಸುಲಭವಾದ ಮೇಲೆ ಫೋನಿನ ಪರದೆಗಳನ್ನು ಈಗಲೂ ಬಹುಮಟ್ಟಿಗೆ ನಿರ್ವಾತದಲ್ಲೇ ತಯಾರಿಸುವುದೇಕೆ? ತೊಡಕು ಮೊದಲ ಪೊರೆಯಲ್ಲಿಲ್ಲ, ಎರಡನೆಯದರಲ್ಲಿದೆ. ಹೆಂಚಿನ ಮೇಲೆ ಹುಯ್ದ ಹಸಿ ಹಿಟ್ಟಿನ ಮೇಲೆ ಮತ್ತೊಂದು ಸೌಟು ಹಿಟ್ಟು ಹುಯ್ದರೆ ಎರಡು ದೋಸೆ ಆಗುವುದಿಲ್ಲವಷ್ಟೆ! ಉತ್ತಮ ಓಎಲ್‌ಇಡಿಗೆ ರಂಧ್ರಗಳನ್ನು ಒಯ್ಯಲು, ಎಲೆಕ್ಟ್ರಾನುಗಳನ್ನು ಒಯ್ಯಲು, ಬೆಳಕು ಕೊಡಲು ಬೇರೆ ಬೇರೆ ಪದರಗಳು ಬೇಕು. ಮೇಲಿನ ಪದರದ ದ್ರಾವಕ ಕೆಳಗಿನದನ್ನು ಕರಗಿಸಿಬಿಡುತ್ತದೆ. ನೀರಿನಲ್ಲಿ ಹರಡುವ ಪಿಇಡಾಟ್ ಎಂಬ ವಾಹಕ ಪಾಲಿಮರಿನ ಮೇಲೆ ಟಾಲ್ವೀನಿನಲ್ಲಿ ಕರಗುವ ಪಾಲಿಮರನ್ನು ಹರಡಬಹುದು. ಮೂರನೆಯದಕ್ಕೆ ಈ ಎರಡನ್ನೂ ಮುಟ್ಟದ ದ್ರಾವಕ ಹುಡುಕಬೇಕು. ದೋಸೆಯನ್ನು ಬೇಯಿಸಿಕೊಳ್ಳುವ ದಾರಿಯೂ ಉಂಟು. ಕೇಂಬ್ರಿಜ್‌ನವರು ಹರಡಿದ್ದು ಕರಗುವ ಪೂರ್ವರೂಪವನ್ನು. ಅನಂತರ ಕಾಯಿಸಿದಾಗ ಅದು ಕರಗದ ಪಿಪಿವಿ ಆಯಿತು. ನಿರ್ವಾತದಲ್ಲಾದರೋ ದ್ರಾವಕವೇ ಇಲ್ಲ. ಎಷ್ಟು ಪದರಗಳನ್ನಾದರೂ ಒಂದರ ಮೇಲೊಂದು ಕೂರಿಸಬಹುದು. ಇಂಕ್‌ಜೆಟ್ ಮುದ್ರಣದಿಂದ ಪರದೆ ತಯಾರಿಸಿ 2017ರಲ್ಲಿ ಮಾರಾಟಕ್ಕೆ ತಂದ ಜಪಾನಿನ ಜೆಓಲೆಡ್ ಕಂಪನಿ 2023ರಲ್ಲಿ ದಿವಾಳಿಯಾಯಿತು. ಅಗ್ಗದ ವಿಧಾನವೆಂದ ಮಾತ್ರಕ್ಕೆ ಕಾರ್ಖಾನೆಯಲ್ಲಿ ಲಾಭವೆಂದಲ್ಲ.

ಆದರೆ ಒಂದೇ ಪದರದಲ್ಲಿ ಕೆಲಸ ಮುಗಿಯುವಂತಿದ್ದರೆ? 1995ರಲ್ಲಿ ಪೈ, ಹೀಗರ್ ಮತ್ತಿತರರು ಬೆಳಗುವ ಪಾಲಿಮರಿನೊಳಗೇ ಚಲಿಸುವ ಅಯಾನುಗಳನ್ನು ಬೆರೆಸಿದರು. ವೋಲ್ಟೇಜು ಕೊಟ್ಟಾಗ ಅಯಾನುಗಳು ವಿದ್ಯುದಗ್ರಗಳ ಬಳಿ ಸೇರಿ, ಎಲೆಕ್ಟ್ರಾನು ಮತ್ತು ರಂಧ್ರಗಳು ಒಳಬರುವ ದಾರಿಯನ್ನು ತಾವೇ ಸಲೀಸು ಮಾಡುತ್ತವೆ. ಕ್ಯಾಲ್ಸಿಯಂನಂತಹ, ಗಾಳಿಗೆ ಕೆಡುವ ಲೋಹದ ಹಂಗು ಆಗ ತಪ್ಪುತ್ತದೆ. 2000ದಲ್ಲಿ ಗಾವೊ ಮತ್ತು ಬಾರ್ಡ್ ರುಥೇನಿಯಂನ ಒಂದು ಕಿತ್ತಳೆ ಬಣ್ಣದ ಸಂಕೀರ್ಣದಿಂದ ಇಂತಹ ಸಾಧನ ಮಾಡಿ, ಋಣಾಗ್ರಕ್ಕೆ ಗ್ಯಾಲಿಯಂ-ಇಂಡಿಯಂ ಮಿಶ್ರಲೋಹ ಬಳಸಿದರು. ಇದು ಕೋಣೆಯ ಉಷ್ಣತೆಯಲ್ಲಿ ದ್ರವ. ಪೊರೆಯ ಮೇಲೆ ಒಂದು ಹನಿ ಇಟ್ಟರೆ ಅದೇ ವಿದ್ಯುದಗ್ರ. ನಿರ್ವಾತದ ಮಾತೇ ಇಲ್ಲ.

ಎಂ.ಎಸ್‌ಸಿ. ಪ್ರಾಜೆಕ್ಟಿಗೆ ಓಎಲ್‌ಇಡಿ ಮಾಡಬೇಕೆಂದು ಬಂದು, ಯಂತ್ರವಿಲ್ಲವೆಂದು ಸಪ್ಪೆ ಮೋರೆ ಹಾಕುವ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಇದನ್ನೇ. ಪಾರದರ್ಶಕ ವಾಹಕ ಲೇಪವಿರುವ ಐಟಿಓ ಗಾಜನ್ನು ಕೊಂಡು ಸೋಪು ನೀರು, ಅಸಿಟೋನುಗಳಲ್ಲಿ ಚೆನ್ನಾಗಿ ತೊಳೆಯಿರಿ. ಲೇಪ ಯಾವ ಬದಿಯಲ್ಲಿದೆಯೆಂದು ಮಲ್ಟಿಮೀಟರಿನಿಂದ ಗುರುತಿಸಿಕೊಳ್ಳಿ. ತಲೆಕೆಳಗಾಗಿ ಹಾಕಿ ದಿನವಿಡೀ ಪೇಚಾಡಿದವರುಂಟು. ರುಥೇನಿಯಂ ಲವಣದಲ್ಲಿ ಪರ್‌ಕ್ಲೋರೇಟ್ ಬೇಡ, ಅದು ಸಿಡಿಯಬಲ್ಲುದು; ಟೆಟ್ರಾಫ್ಲೂರೊಬೋರೇಟ್ ಆರಿಸಿಕೊಳ್ಳಿ. ಅದನ್ನು ಕರಗಿಸುವ ಅಸಿಟೊನೈಟ್ರೈಲ್ ವಿಷ; ಹೊಗೆಗೂಡಿನಲ್ಲೇ ಕೆಲಸವಾಗಲಿ. ಪೊರೆ ಆರಿದ ಮೇಲೆ ಗಾಜನ್ನು ಕಿಟಕಿಗೆ ಹಿಡಿದು ನೋಡಿ: ಬಣ್ಣ ಎಲ್ಲ ಕಡೆ ಒಂದೇ ಸಮನಾಗಿದ್ದರೆ ದಪ್ಪವೂ ಸಮ.

ಐಟಿಓವನ್ನು ಬ್ಯಾಟರಿಯ ಧನ ತುದಿಗೂ ಲೋಹದ ಹನಿಯನ್ನು ಋಣ ತುದಿಗೂ ಜೋಡಿಸಿ, 3 ವೋಲ್ಟಿನಿಂದ ಮೆಲ್ಲನೆ ಏರಿಸಿ. ಅಯಾನುಗಳು ಸರಿಯಲು ಸ್ವಲ್ಪ ಹೊತ್ತು ಬೇಕು. ತಕ್ಷಣ ಬೆಳಗಲಿಲ್ಲವೆಂದು ವೋಲ್ಟೇಜನ್ನು ಒಮ್ಮೆಲೇ ಹೆಚ್ಚಿಸಬೇಡಿ. ಕೋಣೆಯ ದೀಪ ಆರಿಸಿ ಗಾಜಿನ ಕಡೆಯಿಂದ ನೋಡಿದರೆ ಹನಿಯಷ್ಟೇ ಅಗಲದ ಕೆಂಪು-ಕಿತ್ತಳೆ ಬೆಳಕು ಕಾಣುತ್ತದೆ. ತೆರೆದ ಗಾಳಿಯಲ್ಲಿ ತೇವಾಂಶದಿಂದಾಗಿ ಅದು ಬೇಗ ಮಾಸುತ್ತದೆ. ಅಳತೆಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಂಡು ಸ್ವಿಚ್ ಹಾಕಿ.