ವಿದ್ಯೆಯ ಪಂಕ್ತಿಯಲ್ಲಿ ಸಮಾನತೆ ಮತ್ತು ಸಮನ್ಯಾಯ



ಸಮಾನತೆ, ಸಮನ್ಯಾಯ ಎಂಬೆರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದುಂಟು. ದಾಸೋಹದ ಪಂಕ್ತಿಯನ್ನು ನೆನೆದರೆ ಅಂತರ ತಿಳಿಯುತ್ತದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಸಮಾನತೆ. ಹೆಚ್ಚು ಹಸಿದವನಿಗೆ ಮತ್ತೊಮ್ಮೆ ಬಡಿಸುವುದು ಸಮನ್ಯಾಯ. ಒಂದಿಲ್ಲದೆ ಇನ್ನೊಂದು ಪೂರ್ಣವಾಗದು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯ ಬಾಗಿಲನ್ನು ತೆರೆದಿದೆ. ಆದರೆ ಕಣಗಲಾ, ಸಂಕೇಶ್ವರ ಸುತ್ತಿನ ಕಬ್ಬಿನ ಸೀಮೆಯಲ್ಲಿ ಶಾಲೆ ಜೂನ್ ಹೊತ್ತಿಗೆ ಆರಂಭವಾದರೆ, ಕಟಾವಿನ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ದೂರದ ಊರುಗಳಿಂದ ಕಟಾವಿಗೆ ಬರುವವರ ಮಕ್ಕಳು ತಮ್ಮೂರ ಶಾಲೆಯನ್ನು ನಡುವೆಯೇ ಬಿಟ್ಟು, ಇಲ್ಲಿಯ ಗುಡಿಸಲುಗಳಲ್ಲಿ ತಮ್ಮ ತಂಗಿಯರನ್ನು ಕಾಯುತ್ತಾರೆ. ಗಡಿಯಾಚೆಯಿಂದ ಬಂದವರಿಗೆ ಪಾಠದ ಭಾಷೆಯೂ ಹೊಸದು. ಬಾಗಿಲು ತೆರೆದಿದ್ದರೂ ಅವರು ಹೊರಗೇ ಉಳಿಯುತ್ತಾರೆ.

ಇಂತಹವರಿಗಾಗಿಯೇ ಕಾಯ್ದೆಯಲ್ಲಿ ಕೆಲವು ಏರ್ಪಾಡುಗಳಿವೆ. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಕಲಿಕೆಯ ಕೊರತೆಯನ್ನು ವಿಶೇಷ ತರಬೇತಿಯಿಂದ ತುಂಬಬೇಕು. ಎರಡನೆಯ ಬಾರಿ ಬಡಿಸುವುದೆಂದರೆ ಇದೇ.

ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ತ್ಯಾಗವೀರ ಸಿರಸಂಗಿ ಲಿಂಗರಾಜರು (1861–1906) ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದೇ ಖ್ಯಾತರಾದ ಏಳು ಮಹನೀಯರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಶಾಲೆಯಿದ್ದರೆ ಸಾಲದು, ಬಡ ಹುಡುಗನಿಗೆ ಅನ್ನ, ಆಸರೆಗಳೂ ಬೇಕೆಂಬುದನ್ನು ಆ ಹಿರಿಯರು ಅರಿತಿದ್ದರು. ಅದರ ಫಲವನ್ನು ನಮ್ಮಲ್ಲಿ ಅನೇಕ ಮನೆತನಗಳು ಇಂದಿಗೂ ಉಣ್ಣುತ್ತಿವೆ.

ಅಂದು ಆಸರೆ ಬೇಕಾಗಿದ್ದುದು ನಮ್ಮ ಮಕ್ಕಳಿಗೆ. ಇಂದು ಅದು ಬೇಕಾಗಿರುವುದು ನಮ್ಮದೇ ಹೊಲದ ಬದುವಿನಲ್ಲಿ ಗುಡಿಸಲು ಹಾಕಿದವರ ಮಕ್ಕಳಿಗೆ. ಆ ಮಗು ಯಾವ ಜಾತಿಯದು, ಯಾವ ಭಾಷೆಯದು ಎಂದು ಕೇಳುವುದು ದಾಸೋಹ ಧರ್ಮವಲ್ಲ.

ಆದುದರಿಂದ ಕಬ್ಬು ಬೆಳೆಯುವ ಭಕ್ತರಲ್ಲಿ ನಮ್ಮ ಅರಿಕೆಯಿಷ್ಟೆ: ಕಟಾವಿನ ತಂಡ ಬಂದ ದಿನವೇ ಅದರಲ್ಲಿರುವ ಶಾಲಾ ವಯಸ್ಸಿನ ಮಕ್ಕಳೆಷ್ಟು ಎಂದು ವಿಚಾರಿಸಿ, ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಸಾಧ್ಯವಾದರೆ ಮೊದಲ ದಿನ ಆ ಮಕ್ಕಳನ್ನು ನೀವೇ ಶಾಲೆಗೆ ಕರೆದೊಯ್ಯಿರಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.